ದಿಂಬಿನ ಉಪಚಾರ

ದರ್ಜಿಯ ಬಲಗಾಲಿಗೆ ಹೊಸ ಮಂಡಿ ಕೂರಿಸಿ ಆರು ವಾರವಾಗಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ದೀಪ ಆರಿಸಿದರೆ ಸಾಕು, ನೋವು ಕರೆಯದ ನೆಂಟನ ಹಾಗೆ ಬಂದು ಚಾಪೆ ಹಾಸುತ್ತಿತ್ತು. ಒಂದೇ ಒಂದು ರಾತ್ರಿ ಕಣ್ತುಂಬ ನಿದ್ದೆ ಬರಲಿ ಅನ್ನುವುದು ಅವನ ಆಸೆ. ಅವನ ನರಳಾಟ ಕೇಳಿ ಬೇಸತ್ತ ಹೆಂಡತಿಯದೂ ಅದೇ.

"ಹಗಲಲ್ಲಿ ಮಂಡಿ ಮಡಚಿ, ಬಿಡಿಸಿ. ಇಲ್ಲಾಂದ್ರೆ ರಾತ್ರಿ ಬಿಗಿಯುತ್ತೆ," ಅಂತ ವ್ಯಾಯಾಮ ಮಾಡಿಸುವ ಮೇಡಂ ಹೇಳಿ ಹೇಳಿ ಸೋತಿದ್ದರು. ದರ್ಜಿಗೆ ಭಯ. ಎರವಲು ತಂದ ಗಾಜಿನ ಪಾತ್ರೆಯ ಹಾಗೆ ಕಾಲನ್ನು ಸ್ಟೂಲಿನ ಮೇಲೆ ಚಾಚಿಟ್ಟು ಕೂತಿರುತ್ತಿದ್ದ.

ಆವತ್ತು ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು, "ಇವರಿಗೆ ಒಂದು ದಿಂಬು ಸಾಲದು," ಅಂದದ್ದೇ ತಪ್ಪಾಯಿತು.

ಮೊದಲು ಮಹಡಿ ಮನೆ ಅಕ್ಕ ದಿಂಬು ಹಿಡಿದು ಬಂದರು. "ಇದನ್ನ ಹಿಮ್ಮಡಿ ಕೆಳಗಿಟ್ಕೊಳಪ್ಪಾ. ಮೂಲೇಲಿ ಒಂಚೂರು ಬಿಚ್ಚಿದೆ, ನೀನೇ ಒಂದು ಹೊಲಿಗೆ ಹಾಕ್ಕೊಂಡ್ಬಿಡು."

ಹಿಂದೆಯೇ ಪೋಸ್ಟ್‌ಮ್ಯಾನ್. "ಕಾಲುಗಳ ಮಧ್ಯೆ ಇಡಬೇಕು, ಅಣ್ಣಾ. ನಮ್ಮತ್ತೆ ಹಾಗೇ ವಾಸಿಯಾದ್ರು."

"ಅವರಿಗೂ ಮಂಡಿನಾ?"

"ಅಲ್ಲ, ಹಲ್ಲು. ಗವಸು ಹರಿದಿದೆ, ಆದ್ರೆ ಹತ್ತಿ ಬಂಗಾರ!"

ಮಧ್ಯಾಹ್ನಕ್ಕೆ ಹನ್ನೊಂದು ದಿಂಬಾದವು. ಒಂದೂ ನೆಟ್ಟಗಿಲ್ಲ. ಮನೆ ತುಂಬ ಹತ್ತಿ ಹಾರಾಡಿ ಹೆಂಡತಿಗೆ ಸೀನಿನ ಮೇಲೆ ಸೀನು.

"ಮೊದಲು ಇವನ್ನ ಹೊಲೀರಿ!"

"ನಾನು ರೋಗಿ ಕಣೇ!"

"ಕೈಗೇನಾದ್ರೂ ಆಪರೇಷನ್ ಆಗಿದ್ಯಾ?"

ದರ್ಜಿ ಮಿಷನ್ನಿನ ಮುಂದೆ ಕೂತು ಎಡಗಾಲನ್ನಷ್ಟೇ ಪೆಡಲಿನ ಮೇಲಿಟ್ಟ. ಮೂವತ್ತು ವರ್ಷದ ಅಭ್ಯಾಸ, ಬಲಗಾಲು ಅವನನ್ನು ಕೇಳದೆಯೇ ಜೊತೆಗೆ ಹತ್ತಿತು. ಮೊದಲ ದಿಂಬಿಗೆ ಹೊಲಿಗೆಗೊಂದು "ಅಯ್ಯೋ". ನಡುನಡುವೆ ಎದ್ದು ಅಡ್ಡಾಡಿ ಬಂದ. ನಾಲ್ಕನೆಯದಕ್ಕೆ "ಅಯ್ಯೋ" ಅನ್ನಲು ಮರೆತ. ಸಂಜೆಗೆ ಹನ್ನೊಂದೂ ಮುಗಿದವು.

ರಾತ್ರಿ ಹೆಂಡತಿ ಬಟ್ಟೆಯಲ್ಲಿ ಐಸು ಸುತ್ತಿ ಮಂಡಿಗಿಟ್ಟಳು. ಮಾತ್ರೆ ನುಂಗಿಸಿ ಕಾಲನ್ನು ದಿಂಬುಗಳ ಮೇಲೇರಿಸಿದಳು. ದರ್ಜಿ ನೋವಿಗಾಗಿ ಕಾದ. ಅದು ಬಂತು, ಇಣುಕಿತು, ಕೂರಲಿಲ್ಲ. ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲು!

ಬೆಳಿಗ್ಗೆ ಬಂದ ಮೇಡಂ ಮಂಡಿ ಮಡಚಿ ನೋಡಿ ಬೆರಗಾದರು. "ಏನ್ ಮಾಡಿದ್ರಿ?"

ದರ್ಜಿ ಎದೆಯುಬ್ಬಿಸಿ ಹೇಳಿದ.

"ಅಷ್ಟೇ ನೋಡಿ! ನಡುನಡುವೆ ಎದ್ದು ಓಡಾಡ್ತಾ ದಿನಾ ಹೀಗೇ ತುಳೀರಿ. ನಿಮಗೆ ಇದೇ ಔಷಧಿ."

ಅವರು ಮೆಟ್ಟಿಲಿಳಿಯುವುದರೊಳಗೆ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ದರ್ಜಿ ಬಾಗಿಲು ತೆರೆದರೆ ಎದುರಿಗೆ ಬಟ್ಟೆಗಂಟುಗಳ ಸಾಲು. ಮುಂದೆ ಮಹಡಿ ಮನೆ ಅಕ್ಕ, ಕೈಯಲ್ಲಿ ಉದ್ದಕ್ಕೆ ಸೀಳಿದ ಪರದೆ.

"ಅಕ್ಕಾ, ಹೊಲಿಗೆ ಕೂಲಿ..." ಅಂತ ರಾಗ ಎಳೆದ.

"ಔಷಧಿ ತಂದುಕೊಟ್ಟವರ ಹತ್ರ ಕೂಲಿ ಕೇಳ್ತೀಯೇನಪ್ಪಾ? ನಿನ್ನ ಮಂಡಿಗೋಸ್ಕರ ಚೆನ್ನಾಗಿದ್ದ ಪರದೇನ ಕೈಯಾರೆ ಹರ್ಕೊಂಡು ಬಂದಿದೀನಿ!"

ದರ್ಜಿ ಕಾಪಾಡು ಅನ್ನುವ ಹಾಗೆ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಮಿಷನ್ನಿಗೆ ದಾರ ಪೋಣಿಸುತ್ತಿದ್ದಳು.

"ರಾತ್ರಿ ನಿದ್ದೆ ಬೇಕಾ, ಬೇಡ್ವಾ?"