ಹೆಪ್ಪಿನ ವಂಶಾವಳಿ

ಈ ಮೂಲಕ ಸಮಸ್ತ ನಾಗರಿಕರ ಗಮನಕ್ಕೆ ತರುವುದೇನೆಂದರೆ, ಹಗರೆಯ ಸುವರ್ಣಮ್ಮನ ಮನೆಯ ಮೊಸರು ನಾಲ್ಕು ದಿನ ಕಳೆದರೂ ಹುಳಿಯಾಗಲಿಲ್ಲ.

ಇಷ್ಟೇ ವಿಷಯ. ಬೇರೆಯವರಾಗಿದ್ದರೆ ಅನ್ನಕ್ಕೆ ಕಲಸಿಕೊಂಡು ಉಂಡು ಮಲಗುತ್ತಿದ್ದರು. ಆದರೆ ಸುವರ್ಣಮ್ಮ ಮೊಸರು ಹಾಕುತ್ತಿದ್ದದ್ದು ಬೇಲೂರಿನ ಒಂದು ಕಾಲೇಜಿನ ಕ್ಯಾಂಟೀನಿಗೆ. ಅಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ದೇವರಾಜ, ಅವಳದೇ ಬೀದಿಯವನು, ಒಂದು ತೊಟ್ಟು ಮೊಸರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಯಾವ ಪುಸ್ತಕದಲ್ಲೂ ಕಾಣದ ಬ್ಯಾಕ್ಟೀರಿಯಾ ಒಂದು, ಊಟದ ಪಂಕ್ತಿಗೆ ಕೂತ ನೆಂಟರ ಹಾಗೆ ಸಾಲಾಗಿ ಕೂತಿತ್ತು.

ದೇವರಾಜ ಅದಕ್ಕೆ ‘ಹೊಯ್ಸಳ’ ಎಂದು ನಾಮಕರಣ ಮಾಡಿ, ‘ಶತಮಾನಗಳಿಂದ ಕೈಯಿಂದ ಕೈಗೆ ಬಂದ ಪಾರಂಪರಿಕ ಹೆಪ್ಪು’ ಎಂದು ಅನುದಾನಕ್ಕೆ ಅರ್ಜಿ ಬರೆದೇಬಿಟ್ಟ. ಸಿಕ್ಕಿದರೆ ಅವನ ವಿಭಾಗಕ್ಕೊಂದು, ಜೀವಾಣುಗಳನ್ನು ಬೆಚ್ಚಗಿಟ್ಟು ಬೆಳೆಸುವ ನಿಜವಾದ ಇನ್‌ಕ್ಯುಬೇಟರ್. ಸದ್ಯಕ್ಕೆ ಇದ್ದದ್ದು ಒಳಗೆ ಬಲ್ಬು ಉರಿಯುವ ಥರ್ಮಾಕೋಲ್ ಡಬ್ಬಿ. ಕರೆಂಟು ಹೋದಾಗಲೆಲ್ಲ ಸಂಶೋಧನೆಗೆ ಸಾಮೂಹಿಕ ಸಾವು. ಇಷ್ಟು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಇನ್‌ಕ್ಯುಬೇಟರ್ ತೋರಿಸಿದ್ದ ಅವನು, ಈ ಸಲ ನಿಜವಾದದ್ದನ್ನು ತೋರಿಸಿಯೇ ಸೈ ಎಂದು ಹಟ ತೊಟ್ಟಿದ್ದ.

ಅಡ್ಡಿ ಒಂದೇ. ಹೆಪ್ಪಿನ ಮೂಲ ಯಾವ ಮನೆಯೋ ಆ ಮನೆಯವರ ಒಪ್ಪಿಗೆ ಸಹಿ ಸಂಜೆಯೊಳಗೆ ಬೇಕು ಎಂದಿತ್ತು ಕಾಲೇಜಿನ ನೀತಿ ಸಮಿತಿ. ಈ ಸಮಿತಿಯ ಮೇಲೆ ದೇವರಾಜನಿಗೆ ಅಪಾರ ಗೌರವ. ಹೋದ ವರ್ಷ ಸಸ್ಯಶಾಸ್ತ್ರದ ಹೇಮಂತ್ ಬಿಕ್ಕೋಡಿನಲ್ಲಿ ತನ್ನ ಮಾವನ ಕಾಫಿ ತೋಟದ ಮಣ್ಣಿನ ಮೇಲೆ ಸಂಶೋಧನೆಗೆ ಹೊರಟಾಗ, “ನೆಂಟರ ಮನೆ ಮಾದರಿ ನಡೆಯಲ್ಲ, ನೀತಿ ಅಂದ್ರೆ ನೀತಿ!” ಎಂದು ಆಗ ಸಮಿತಿಯ ಸದಸ್ಯನಾಗಿ ಮೇಜು ಕುಟ್ಟಿ ಹೊಸ ನಿಯಮ ಸೇರಿಸಿ, ಅವನ ಅರ್ಜಿಯನ್ನು ಮಣ್ಣುಪಾಲು ಮಾಡಿದವನೇ ಇವನು.

ಬೆಳಿಗ್ಗೆಯೇ ಸುವರ್ಣಮ್ಮನ ಬಾಗಿಲಲ್ಲಿ ನಿಂತ.

“ಸಹೀನಾ? ಯಾಕ್ ಮೇಷ್ಟ್ರೇ, ಮೊಸ್ರಲ್ಲಿ ಏನಾರ ಬಿದ್ದಿತ್ತಾ?”

“ಬಿದ್ದಿದ್ದಲ್ಲ ಸುವರ್ಣಮ್ಮ, ಇದ್ದಿದ್ದು. ಬ್ಯಾಕ್ಟೀರಿಯಾ.”

“ಅಯ್ಯೋ ಶಿವನೇ, ಮೆತ್ತುಗ್ ಹೇಳಿ! ಕ್ಯಾಂಟೀನ್‌ನೋರು ಕೇಳಿಸ್ಕಂಡ್ರೆ ನಾಳೆಯಿಂದ ಮೊಸರೇ ಬ್ಯಾಡ ಅಂತಾರೆ.”

ಅದು ಒಳ್ಳೆಯ ಜೀವಿ ಎಂದು ಅವನು ವಿವರಿಸುವಷ್ಟರಲ್ಲಿ, ಡೇರಿಗೆ ಹಾಲು ಹಾಕಿ ಬರುತ್ತಿದ್ದ ನಂಜಪ್ಪ ಖಾಲಿ ಕ್ಯಾನಿನ ಸಮೇತ ನಡುವೆ ತೂರಿದ. ಊರಲ್ಲಿ ಯಾರೇ ಪೆನ್ನು ತೆಗೆದರೂ ನಂಜಪ್ಪನಿಗೆ ಕೈ ಕಡಿಯುತ್ತದೆ.

“ಸಹಿ ಹಾಕ್ಬ್ಯಾಡ ಸುವರ್ಣಮ್ಮೋ! ನಾಳೆ ಯಾವ್ದೋ ಫಾರಿನ್ ಕಂಪ್ನಿ ಪೇಟೆಂಟ್ ತಗಂಡ್ರೆ, ನಿನ್ ಮನೇಲಿ ನೀನು ಹೆಪ್ಪಾಕಕ್ಕೂ ಅವ್ರ ಅಪ್ಪಣೆ ಕೇಳ್ಬೇಕಾಯ್ತದೆ.”

“ಹಂಗೇನಿಲ್ಲ ನಂಜಪ್ಪ, ಕಾನೂನು ಐತೆ. ಲಾಭ ಬಂದ್ರೆ ಮೂಲದೋರಿಗೂ ಪಾಲು,” ಎಂದ ದೇವರಾಜ.

ಆ ‘ಪಾಲು’ ಹಾಲಿಗಿಂತ ಬೇಗ ಉಕ್ಕಿತು. ನೋಡನೋಡುತ್ತಿದ್ದಂತೆ ಮನೆಮನೆಯಿಂದ ಮೊಸರಿನ ಬಟ್ಟಲುಗಳು ಬೀದಿಗೆ ಬಂದವು.

“ನಮ್ದೇ ಮೂಲ ಕಣ್ರೀ! ಹಳೇಬೀಡು ದೇವಸ್ಥಾನ ಕಟ್ಟೋರು ನಮ್ ಮೊಸ್ರನ್ನೇ ಉಂಡಿದ್ದು!” ಎಂದಿತು ಒಂದು ಗಂಟಲು.

“ಅದ್ಕೇ ಕೆಲ್ಸ ಅರ್ಧಕ್ಕೇ ನಿಂತೋಗೈತೆ!” ಎಂದಿತು ಇನ್ನೊಂದು.

ದೇವರಾಜ ಸದ್ದಿಲ್ಲದೆ ಎರಡನೇ ಹಾಳೆ ತೆಗೆದ. “ಮೂಲದೋರು ಆರೋಗ್ಯದ ಪ್ರಶ್ನೆಗೆ ಉತ್ತರ ಕೊಡ್ಬೇಕು. ಮನೇಲಿ ಯಾರಿಗೆ ಗ್ಯಾಸು? ಯಾರಿಗೆ ಮೂಲವ್ಯಾಧಿ? ಬೆಳಗಿನ ಕರ್ಮ ದಿನಕ್ಕೆ ಎಷ್ಟು ಸಲ?”

ಬಟ್ಟಲುಗಳು ಸೆರಗಿನ ಮರೆ ಸೇರಿದವು. ಬೀದಿ ಖಾಲಿ. ತನ್ನ ಬಾಗಿಲಲ್ಲೇ ನಿಂತಿದ್ದರಿಂದ ಓಡಲು ಬೇರೆ ಮನೆಯಿಲ್ಲದ ಸುವರ್ಣಮ್ಮ ಮಾತ್ರ ಉಳಿದಳು. “ನಂದಲ್ಲ ಮೇಷ್ಟ್ರೇ, ಆಣೆ ಮಾಡ್ತೀನಿ. ಯುಗಾದೀಲಿ ನಮ್ ಹೆಪ್ಪು ಕೆಟ್ಟೋಗಿ ಮುದ್ದಮ್ಮನ ಮನೆಯಿಂದ ತಂದಿದ್ದು.”

ಮುದ್ದಮ್ಮನ ಮನೆಯಲ್ಲಿ ಉತ್ತರ ಕೊಟ್ಟವನು ಅವಳ ಗಂಡ ಕರಿಯಪ್ಪ. ಮೀಸೆ ಮೇಲೆ ಕೈ ಹೋಯಿತು. “ನಮ್ಮತ್ತೆ ಮನೆ ಹೆಪ್ಪು ಕಣ್ರೀ! ಮದ್ವೇಲಿ ಬೆಳ್ಳಿ ಬಟ್ಲಲ್ಲಿ ಬಂದಿದ್ದು. ಅರಸೀಕೆರೆ ಕಡೆ ಹೆಪ್ಪು ಅಂದ್ರೆ ಸುಮ್ನೇನಾ?” ಪಕ್ಕದಲ್ಲಿದ್ದ ಮುದ್ದಮ್ಮ ಯಾಕೋ ಗೋಡೆ ನೋಡುತ್ತಿದ್ದಳು.

ಅರಸೀಕೆರೆಯಾದರೂ ಸರಿ, ಆಗುಂಬೆಯಾದರೂ ಸರಿ ಎಂದು ದೇವರಾಜ ರಸ್ತೆಗೆ ಓಡಿದ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ, ಅಷ್ಟರಲ್ಲಿ ಮುದ್ದಮ್ಮ ಏದುಸಿರು ಬಿಡುತ್ತ ಬಂದು ಅಂಗಿ ಜಗ್ಗಿದಳು.

“ಹತ್ಬ್ಯಾಡಿ ಮೇಷ್ಟ್ರೇ! ತವರುಮನೆ ಹೆಪ್ಪನ್ನ ಬೆಕ್ಕು ನೆಕ್ಕಿ ಎರಡು ವರ್ಷ ಆಯ್ತು. ಯಜಮಾನ್ರಿಗೆ ಹೇಳ್ಬ್ಯಾಡಿ, ಪಾಪ, ಅದೇ ಅಂದ್ಕಂಡು ಇನ್ನೂ ಚಪ್ಪರಿಸ್ತಾವ್ರೆ.”

“ಮತ್ತೆ ಈಗಿರೋದು?”

“ಹತ್ತೋದಾದ್ರೆ ಹತ್ತಿ ಸಾರ್, ಇಲ್ಲಾ ಕಾಲು ತೆಗೀರಿ!” ಎಂದ ಕಂಡಕ್ಟರ್.

ಮುದ್ದಮ್ಮ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮನೇದೇ ಕಣ್ರೀ. ನಿಮ್ ಹೆಂಡ್ತಿ ಇಂದೂನೇ ಕೊಟ್ಟಿದ್ದು.”

ದೇವರಾಜ ಕಾಲು ತೆಗೆದ.

ಹೆಂಡತಿ ಇಂದು ಕಾಫಿ ಸೋಸುತ್ತಿದ್ದಳು. “ನಮ್ಮನೆ ಹೆಪ್ಪು ಎಲ್ಲೀದು ಕಣೇ?” ಎಂದು ಕೇಳಿದ್ದಕ್ಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಬ್ಬಾ, ಅಡುಗೆಮನೆ ಇರೋದು ಗೊತ್ತಾಯ್ತಾ ನಿಮಗೆ? ಈ ಬೀದಿಗೆ ಬಂದ ದಿನ ಒಂದು ಚಮಚ ಹೆಪ್ಪು ಕೇಳಿದ್ದೆ. ಒಬ್ರು ಇವತ್ತು ಶುಕ್ರವಾರ ಅಂದ್ರು. ಇನ್ನೊಬ್ರು ದೀಪ ಹಚ್ಚಾಯ್ತು ಅಂದ್ರು. ಮುದ್ದಮ್ಮೋರಿಗೆ ನಮ್ಮ ವಿಷಯದಲ್ಲಿ ಯಾವ ವಾರಾನೂ ಆಗ್ಲಿಲ್ಲ. ಕೊನೆಗೆ ಬೆಚ್ಚಗಿನ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಟ್ಟೆ. ಬೆಳಿಗ್ಗೆಗೆ ಮೊಸರು. ಆಮೇಲೆ ಬೆಕ್ಕಿನ ದಯೆ, ಅವರಿಗೆ ಎಲ್ಲಾ ವಾರಾನೂ ಒಳ್ಳೇದಾಯ್ತು. ಈಗ ಬೀದಿಗೆಲ್ಲ ನಂದೇ ಹೆಪ್ಪು.”

ದೇವರಾಜನಿಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು; ಬಿಸಿ ಕಾಫಿ ಅಡ್ಡಬಂತು. ಅರ್ಜಿಯಲ್ಲಿ ‘ಶತಮಾನಗಳಿಂದ’ ಎಂಬುದನ್ನು ಹೊಡೆದುಹಾಕಿ ‘ಎರಡು ವರ್ಷಗಳಿಂದ’ ಎಂದು ಬರೆದ. ಇಂದು ಸಹಿ ಹಾಕಿದಳು. ಸಿಕ್ಕ ಆಟೋ ಹತ್ತಿ ಬೇಲೂರಿಗೆ ಹಾರಿದ.

ಸಮಿತಿಯಲ್ಲಿ ಈ ವರ್ಷ ಹೇಮಂತ್ ಸದಸ್ಯ. ಹಾಳೆಯನ್ನು ಪಾಯಸದ ಹಾಗೆ ಸವಿದು ಓದಿದ. “ಮೂಲದವರು, ಶ್ರೀಮತಿ ಇಂದು. ಗಂಡನ ಹೆಸರು... ಸರ್, ನೆಂಟರ ಮನೆ ಮಾದರಿ! ನಿಯಮ ನಿಮ್ದೇ. ಅವತ್ತು ನೀವು ಕುಟ್ಟಿದ ಮೇಜಿನ ಕಾಲು ನೋಡಿ, ಇನ್ನೂ ಅಲ್ಲಾಡ್ತಿದೆ.”

ಪ್ರಾಂಶುಪಾಲರು ನಿಟ್ಟುಸಿರಿಟ್ಟರು. “ಇಷ್ಟು ಒಳ್ಳೇ ಸಂಶೋಧನೆ ಹಾಳಾಗಬಾರ್ದು ದೇವರಾಜ್. ನಿಮ್ಮ ಶ್ರೀಮತಿಯವರಿಗೆ ನೆಂಟರಲ್ಲದವರು ಮಾಡ್ಲಿ. ಹೇಮಂತ್, ನೀವೇ ಮಾಡಿ. ಇನ್‌ಕ್ಯುಬೇಟರ್ ನಿಮ್ಮ ವಿಭಾಗಕ್ಕೇ ಬರುತ್ತೆ.”

ದೀಪ ಹಚ್ಚುವ ಹೊತ್ತಿಗೆ ಹೇಮಂತ್ ಗಾಜಿನ ಸೀಸೆ ಹಿಡಿದು ದೇವರಾಜನ ಮನೆ ಜಗಲಿಯಲ್ಲಿ ಕೂತಿದ್ದ. ಏನೂ ತಿಳಿಯದವರಿಗೂ ತಿಳಿಯಲೆಂದು ದೇವರಾಜನೇ ಬರೆದಿದ್ದ ವಿವರಣೆಯನ್ನು ಮನೆಯವರೆಲ್ಲರಿಗೂ ಓದಿ ಹೇಳಬೇಕೆಂದು ನಿಯಮ.

“ಬ್ಯಾಕ್ಟೀರಿಯಾ ಅಂದ್ರೆ, ಸರ್, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಹೆದರ್ಕೋಬೇಡಿ. ಅರ್ಥ ಆಯ್ತಾ?”

“ಇನ್ನೊಂದ್ಸಲ ಹೇಳಿ, ಅವರಿಗೆ ನಿಧಾನ,” ಎಂದಳು ಇಂದು.

ದೇವರಾಜ ಹಲ್ಲು ಕಚ್ಚಿ ತಲೆಯಾಡಿಸಿದ. ಬೆಳಿಗ್ಗೆ ಖಾಲಿಯಾಗಿದ್ದ ಬೀದಿ ಈಗ ಅವನ ಮನೆ ಮುಂದೆ ನೆರೆದಿತ್ತು. ಸುವರ್ಣಮ್ಮ, ಮುದ್ದಮ್ಮ, ಎಲ್ಲರಿಗಿಂತ ಮುಂದೆ ಕ್ಯಾನು ಬೋರಲು ಹಾಕಿ ಕೂತ ನಂಜಪ್ಪ.

ಹೇಮಂತ್ ಎರಡನೇ ಹಾಳೆ ತೆಗೆದು ಪೆನ್ನು ಬಿಚ್ಚಿದ.

“ಸ್ವಲ್ಪ ಜೋರಾಗ್ ಕೇಳಿ ಸಾ, ಹಿಂದಿರೋರಿಗೆ ಕೇಳಿಸ್ತಿಲ್ಲ,” ಎಂದ ನಂಜಪ್ಪ.

“ಹೇಳಿ ಸರ್,” ಎಂದ ಹೇಮಂತ್ ಗಟ್ಟಿಯಾಗಿ, “ದಿನಕ್ಕೆ ಎಷ್ಟು ಸಲ?”