ತೋಳಿನ ಹಕ್ಕಳೆಯೂ ಬಾಡಿಗೆ ಮನೆಯೂ

ನನ್ನ ಮೈಗೆ ಆದ ಗಾಯಗಳಿಗಿಂತ ಅವನ್ನು ವಾಸಿ ಮಾಡಲು ಬಂದವರೇ ನನಗೆ ಹೆಚ್ಚು ನೋವು ಕೊಟ್ಟಿದ್ದಾರೆ. ಇದೇನು ಒಂದು ಸಲದ ಮಾತಲ್ಲ. ಸೈಕಲ್ಲಿನಿಂದ ಬಿದ್ದರೂ ಸರಿ, ಹಲ್ಲು ಕೀಳಿಸಿಕೊಂಡು ಬಂದರೂ ಸರಿ, ಯಾರಾದರೊಬ್ಬರು ಔಷಧಿಯ ಜೊತೆಗೆ ಒಂದು ಮಾತನ್ನೂ ಅರೆದು ಹಚ್ಚಿ ಹೋಗುತ್ತಾರೆ. ಔಷಧಿ ಒಣಗುತ್ತದೆ, ಮಾತು ಹಸಿಯಾಗಿಯೇ ಇರುತ್ತದೆ. ಅವುಗಳಲ್ಲೆಲ್ಲ ದೊಡ್ಡ ಪ್ರಸಂಗ ನನ್ನ ಬಲತೋಳಿನ ಹಚ್ಚೆಯದು.

ತೊಂಬತ್ತರ ದಶಕದ ಕೊನೆ. ಅರಸೀಕೆರೆಯ ಒಂದು ಆಫೀಸಿನಲ್ಲಿ ನಾನು ಗುಮಾಸ್ತ. ಊರು ಮಾದಿಹಳ್ಳಿ ಕಡೆ, ದಿನವೂ ಬಸ್ಸಿನಲ್ಲಿ ಓಡಾಟ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋದವಳು ಅಲ್ಲೇ ಇದ್ದಳು. "ಅರಸೀಕೆರೇಲಿ ಮನೆ ಮಾಡಿ, ಬರ್ತೀನಿ. ಅಲ್ಲೀವರ್ಗೂ ಮಗು ನೋಡ್ಬೇಕು ಅನ್ಸಿದ್ರೆ ನೀವೇ ಬಂದು ನೋಡ್ಕೊಂಡು ಹೋಗಿ" ಅಂದುಬಿಟ್ಟಿದ್ದಳು. ನನಗೆ ಬೇಕಾಗಿದ್ದದ್ದು ಒಂದು ಬಾಡಿಗೆ ಮನೆ, ಅಷ್ಟೆ.

ಅದಕ್ಕೆ ಮುಂಚೆ?

ಅರಸೀಕೆರೆಯಲ್ಲಿ ಖಾಲಿ ಮನೆಗಳಿಗೇನೂ ಬರವಿರಲಿಲ್ಲ. ಆದರೆ ನಾನು ಗೇಟು ತೆಗೆದು ಒಳಗೆ ಹೋಗಿ, ಅವರು "ನೀವು ಯಾವ ಜನ?" ಅಂತ ಕೇಳಿ, ನಾನು ಉತ್ತರ ಹೇಳುವಷ್ಟರಲ್ಲಿ ಅವು ತುಂಬಿಬಿಡುತ್ತಿದ್ದವು. ಆ ಊರಲ್ಲಿ ಅಷ್ಟು ಬೇಗ ತುಂಬುತ್ತಿದ್ದದ್ದು ಪ್ಯಾಸೆಂಜರ್ ರೈಲು ಬಿಟ್ಟರೆ ಈ ಮನೆಗಳೇ.

ಒಬ್ಬ ಮನೆ ಮಾಲೀಕರು ಮಾತ್ರ ಬಹಳ ನಯಸ್ಥರು. ನೇರವಾಗಿ ಕೇಳಲಿಲ್ಲ. ಊರಲ್ಲಿ ನಿಮ್ಮ ಮನೆ ಯಾವ ಬೀದಿಯಲ್ಲಿ ಅಂದರು. ಯಾವ ಹಬ್ಬ ಜೋರು ಅಂದರು. ಕೊನೆಗೆ "ನಿಮ್ಮ ಮನೆದೇವ್ರು ಯಾವ್ದು?" ಅಂದರು.

ನಮ್ಮಪ್ಪ ಬೌದ್ಧ ಧರ್ಮ ತೆಗೆದುಕೊಂಡವರು. "ಬುದ್ಧ" ಅಂದೆ.

ಅವರು ತಲೆದೂಗಿ, "ಅದು ಸರಿ. ಅದಕ್ಕೆ ಮುಂಚೆ?" ಅಂದರು.

ಓದಲಿ ಅಂತಾನೇ

ಆ ಭಾನುವಾರ ಸಿಟ್ಟು ತಡೆಯಲಾರದೆ ಹಳೇಬೀಡಿಗೆ ಹೋದೆ. ಅಲ್ಲಿ ದೇವಸ್ಥಾನದ ಮುಂದೆ ಒಬ್ಬ ಬ್ಯಾಟರಿ ಮಿಷನ್ನು ಇಟ್ಟುಕೊಂಡು ಹಚ್ಚೆ ಹಾಕುತ್ತಿದ್ದ. ಎಲ್ಲರೂ ಕೇಳುತ್ತಾರಲ್ಲ, ತೋಳಿನ ಮೇಲೇ ಬರೆಸಿಬಿಡೋಣ, ಅವರಿಗೆ ಕೇಳುವ ತೊಂದರೆಯೂ ಬೇಡ, ನನಗೆ ಹೇಳುವ ತೊಂದರೆಯೂ ಬೇಡ ಅನ್ನುವುದು ನನ್ನ ಲೆಕ್ಕ. ಬುದ್ಧನ ಧಮ್ಮಚಕ್ರ, ಅದರ ಕೆಳಗೆ 'ಜೈ ಭೀಮ್' ಅಂತ ಬರೆಯಲು ಹೇಳಿದೆ.

"ಚಕ್ರಕ್ಕೆ ಕಡ್ಡಿ ಜಾಸ್ತಿ ಸಾರ್, ನೋವು ಜಾಸ್ತಿ. ಚೇಳು ಹಾಕ್ಲಾ? ಬೇಗ ಮುಗೀತದೆ" ಅಂದ.

"ಬೇಡ, ಚಕ್ರಾನೇ ಇರಲಿ."

ಹಲ್ಲು ಕಚ್ಚಿಕೊಂಡು ಕೂತೆ. ಮುಗಿದ ಮೇಲೆ ಅವನು ಪಥ್ಯ ಹೇಳಿದ. ಸೋಪು ಮುಟ್ಟಿಸಬಾರದು, ಬಿಸಿಲು ತಾಗಿಸಬಾರದು, ಬಟ್ಟೆ ಅಂಟಬಾರದು, ಗಾಳಿ ಆಡಬೇಕು, ದಿನಾ ಎಣ್ಣೆ ಸವರಬೇಕು. "ಹಕ್ಕಳೆ ಕಟ್ತದೆ, ಕೆರೀಬೇಡಿ, ಕೀಳ್ಬೇಡಿ. ಅದು ತಾನಾಗೇ ಉದುರಿದ್ ಮೇಲೇ ಅಕ್ಷರ ಕಾಣೋದು. ಅಲ್ಲೀಗಂಟ ಯಾರೂ ಓದಕ್ಕಾಗಲ್ಲ."

"ಓದಲಿ ಅಂತಾನೇ ಕಣಯ್ಯ ಬರೆಸಿರೋದು."

"ಅವಸರ ಯಾಕೆ ಸಾರ್? ಓದಿದೋರೇನು ಸನ್ಮಾನ ಮಾಡ್ತಾರಾ?" ಅಂದು ಮುಂದಿನ ಗಿರಾಕಿಯ ಕೈ ಹಿಡಿದುಕೊಂಡ.

ಅವ್ವನ ಅರಿಶಿನ

ಅವ್ವನ ಎರಡೂ ಮುಂಗೈ ತುಂಬ ಹಸಿರು ಹಚ್ಚೆ. ತೊಟ್ಟಿಲು, ಚೇಳು, ಸೀತೆ ಸೆರಗು ಎಲ್ಲವೂ ಇದ್ದವು. ಚಿಕ್ಕಂದಿನಲ್ಲಿ ಕೊರವಂಜಿ ಬಂದು ಸೂಜಿಯಲ್ಲಿ ಚುಚ್ಚಿದ್ದು. ನನ್ನ ಊದಿಕೊಂಡ ತೋಳನ್ನು ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಏನ್ಲಾ ಇದು, ಎಣ್ಣುಮಕ್ಳಂಗೆ ಅಚ್ಚೆ ಉಯ್ಸ್ಕಂಡು ಬಂದಿದ್ದೀಯ?"

ಏನು ಬರೆಸಿದ್ದೇನೆ, ಯಾಕೆ ಬರೆಸಿದ್ದೇನೆ ಅಂತ ಭಾಷಣ ಮಾಡಿದೆ. ನಾವು ಯಾರು ಅಂತ ಎಲ್ಲರಿಗೂ ಗೊತ್ತಾಗಬೇಕು ಅಂದೆ. ಅವ್ವ ಒಳಗೆ ಹೋಗಿ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ತಂದು ದಪ್ಪಗೆ ಮೆತ್ತಿದಳು. ಚಕ್ರದ ಸುತ್ತು ಬಿಟ್ಟರೆ ಬೇರೇನೂ ಕಾಣದಂತಾಯಿತು.

"ನಾನು ಅಕ್ಸರ ಕಲೀನಿಲ್ಲ, ಏನೂ ಬರಿಸ್ಕಳನಿಲ್ಲ. ಆದ್ರೂ ನಾವ್ಯಾರು ಅಂತ ಎಲ್ರಿಗೂ ಗೊತ್ತಿತ್ತು ಕಣ್ಲಾ" ಅಂದಳು. "ಹೊಲದ್ ತಾವ ಬೊಗಸೆಗೆ ಮೇಲಿಂದ ನೀರು ಉಯ್ಯೋರು. ನೀನು ಓದಿ, ಸಂಬಳ ತಕಂಡು, ಚುಚ್ಚಿಸ್ಕಂಡು ಹೇಳ್ಬೇಕಾ?"



ಹೆಡ್‌ಕ್ಲರ್ಕರ ಧಾರಾಳ

ಬಟ್ಟೆ ಅಂಟಬಾರದಲ್ಲ, ಅರ್ಧ ತೋಳಿನ ಶರ್ಟಿನ ತುದಿಯನ್ನು ಮಡಚಿ ಭುಜಕ್ಕೆ ಪಿನ್ನು ಹಾಕಿಕೊಂಡು ಆಫೀಸಿಗೆ ಹೋದೆ. ಅಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಡಾಕ್ಟರುಗಳೇ. ಟೈಪಿಸ್ಟು ಟೂತ್‌ಪೇಸ್ಟ್ ಹಚ್ಚಿ ಅಂದರು. ಜವಾನ ನಶ್ಯ ಉದುರಿಸಿದರೆ ಸಾಕು ಅಂದ. ಕೇಸ್ ವರ್ಕರು ಬದನೆಕಾಯಿ ತಿಂದರೆ ಕೀವಾಗುತ್ತೆ ಅಂತ ಹೆದರಿಸಿದರು. ಊಟಕ್ಕೆ ಮಾತ್ರ ಯಾರೂ ಎಂದೂ ಕರೆದವರಲ್ಲ. ನಾನು ಬದನೆಕಾಯಿ ತಿನ್ನುತ್ತೇನೋ ಬಿಡುತ್ತೇನೋ ಅವರಿಗೆ ಗೊತ್ತಾಗುವ ಹಾಗೂ ಇರಲಿಲ್ಲ.

ಹೆಡ್‌ಕ್ಲರ್ಕರು ಬಹಳ ಜುಗ್ಗರು. ಗುಂಡುಸೂಜಿ ಕೊಟ್ಟರೂ ಸಂಜೆ ವಾಪಸ್ ಕೇಳುವ ಆಸಾಮಿ. ಅಂಥವರು ಅವತ್ತು ಡ್ರಾಯರ್ ಎಳೆದು ಕೊಬ್ಬರಿ ಎಣ್ಣೆಯ ಸೀಸೆ ತೆಗೆದು ಮೇಜಿನ ತುದಿಗೆ ತಳ್ಳಿದರು. "ಹಚ್ಕೋ" ಅಂದರು. ನಾನು ಬೆರಳಲ್ಲಿ ಒಂದು ತೊಟ್ಟು ತೆಗೆದುಕೊಂಡು ಸೀಸೆ ಹಿಂದಕ್ಕೆ ಕೊಡಲು ಹೋದೆ.

"ಇರಲಿ ಇರಲಿ, ಸೀಸೆ ನೀನೇ ಇಟ್ಕೋ" ಅಂದರು.

ತುಂಬಿದ ಸೀಸೆ. ಅವರ ಇಡೀ ಸರ್ವಿಸ್‌ನಲ್ಲಿ ಅವರು ಒಬ್ಬರಿಗೆ ಏನಾದರೂ ಕೊಟ್ಟಿದ್ದು ಅದೇ ಮೊದಲು ಅಂತ ಜವಾನ ಆಮೇಲೆ ಹೇಳಿದ.

ತೋಳು ಕಾಣಲ್ವೇನ್ರೀ?

ಅವತ್ತೇ ಸಂಜೆ ಅದೇ ಪಿನ್ನು ಹಾಕಿದ ತೋಳಿನಲ್ಲೇ ಒಂದು ಮನೆ ಕೇಳಲು ಹೋದೆ. ರೈಲ್ವೆಯಲ್ಲಿ ರಿಟೈರಾದ ಯಜಮಾನರು, ಅವರ ಹೆಂಡತಿ, ಇಬ್ಬರೇ. ಮಕ್ಕಳೆಲ್ಲ ಹೆಣ್ಣೇ, ಮದುವೆಯಾಗಿ ಹೋಗಿದ್ದರು. ಹಿಂದಿನ ಭಾಗ ಬಾಡಿಗೆಗಿತ್ತು.

"ಯಾವ ಊರು?" ಅಂದರು ಯಜಮಾನರು.

"ಮಾದಿಹಳ್ಳಿ ಹತ್ರ ಸಾರ್."

"ಅಲ್ಲಿ ನೀವು ಯಾವ..." ಅನ್ನುವಾಗಲೇ ಮನೆಯಾಕೆ ಹೊರಗೆ ಬಂದರು. ಅವರ ಕಣ್ಣು ನೇರ ನನ್ನ ತೋಳಿಗೆ ಹೋಯಿತು.

"ಅಯ್ಯೋ, ಮುದ್ರೆ ಆಗಿದೆ!"

ಅವರ ಮನೆತನದಲ್ಲಿ ಒಂದು ಪದ್ಧತಿ. ಗುರುಗಳು ಬಂದಾಗ ಲೋಹದ ಚಕ್ರವನ್ನು ಕಾಯಿಸಿ ಬಲತೋಳಿಗೆ, ಶಂಖವನ್ನು ಕಾಯಿಸಿ ಎಡತೋಳಿಗೆ ಒತ್ತುತ್ತಾರೆ. ಅದನ್ನೇ ಮುದ್ರೆ ಅನ್ನುವುದು. ನನ್ನ ತೋಳಿನಲ್ಲಿ ಊದಿದ್ದ ಚಕ್ರವೂ ಅಂಥದ್ದೇ ಅಂದುಕೊಂಡರು.

"ಎಲ್ಲಿ ಹಾಕಿಸ್ಕೊಂಡ್ಯಪ್ಪಾ?"

"ಹಳೇಬೀಡ್ನಲ್ಲಿ ಅಮ್ಮಾ. ದೇವಸ್ಥಾನದ ಮುಂದೆ."

"ತುಂಬಾ ನೋವಾಯ್ತೇನೋ?"

"ಆಯ್ತಮ್ಮಾ."

"ಎಡಗಡೆ ಶಂಖ?"

"ಇನ್ನೂ ಆಗಿಲ್ಲ."

"ಎರಡೂ ಒಟ್ಟಿಗೆ ಹೇಗೆ ತಡ್ಕೊಳ್ತಾನೆ, ಪಾಪ" ಅಂದರು.

ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಯಜಮಾನರು ಮಾತ್ರ ಬಿಡಲಿಲ್ಲ. "ಅದೆಲ್ಲ ಸರಿ ಕಣೇ, ಆದ್ರೂ ಯಾವ ಜನ ಅಂತ..."

"ತೋಳು ಕಾಣಲ್ವೇನ್ರೀ ನಿಮಗೆ?" ಆಕೆ ಗದರಿದರು. "ಇನ್ನೂ ಕೇಳ್ತಾರಂತೆ ಜಾತಿ. ನಾಚಿಕೆ ಆಗ್ಬೇಕು!"

ಜಾತಿ ಕೇಳುವುದಕ್ಕೆ ನಾಚಿಕೆಪಡಬೇಕು ಅಂತ ಅರಸೀಕೆರೆಯಲ್ಲಿ ನನ್ನ ಪರವಾಗಿ ಹೇಳಿದವರು ಆಕೆಯೊಬ್ಬರೇ.

ವಾಸಿಯಾಗಬಾರದ ಗಾಯ

ಹೆಂಡತಿ ಮಗುವನ್ನು ಎತ್ತಿಕೊಂಡು ಬಂದಳು. ಮನೆ ಚೆನ್ನಾಗಿತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು, ತೊಟ್ಟಿಲು ಕಟ್ಟಲು ಜಂತೆಯೂ ಇತ್ತು. ನಡೆದದ್ದನ್ನು ಹೇಳಿದೆ. ಅವಳು ನಗಲಿಲ್ಲ. "ಹಕ್ಕಳೆ ಬಿದ್ ದಿನ ಗಂಟುಮೂಟೆ ಕಟ್ಬೇಕು ಅನ್ನಿ" ಅಂದಳು.

ಹಚ್ಚೆ ಹಾಕಿಸಿಕೊಂಡವರೆಲ್ಲ ಬೇಗ ವಾಸಿಯಾಗಲಿ ಅಂತ ಕಾಯುತ್ತಾರೆ. ನಾನು ಮಾತ್ರ ದಿನಾ ಎದ್ದು, ಇವತ್ತೊಂದು ದಿನ ಗಟ್ಟಿಯಾಗಿರಪ್ಪಾ ಅಂತ ಹಕ್ಕಳೆಯನ್ನು ಬೇಡಿಕೊಳ್ಳುತ್ತಿದ್ದೆ. ಅದು ಒಣಗಿದಷ್ಟೂ ಕಡಿತ. ಕೆರೆದರೆ ಉದುರುತ್ತದೆ, ಉದುರಿದರೆ ಮನೆ ಹೋಗುತ್ತದೆ. ನಿದ್ದೆಯಲ್ಲಿ ಕೆರೆದುಕೊಂಡೇನೆಂದು ಹೆಂಡತಿ ನನ್ನ ಎಡಗೈಗೆ ಮಗುವಿನ ಕಾಲುಚೀಲ ತೊಡಿಸಿ ಮಲಗಿಸುತ್ತಿದ್ದಳು.

ಪೂರ್ತಿ ತೋಳಿನ ಶರ್ಟು ಹಾಕಿ ಮುಚ್ಚೋಣವೆಂದರೆ ಮನೆಯಾಕೆ ಬಿಡುತ್ತಿರಲಿಲ್ಲ. "ಗಾಳಿ ಆಡ್ಬೇಕು ಕಣೋ, ಮಡಚು" ಅನ್ನುವರು. ಬೆಳಿಗ್ಗೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ತಾವೇ ಬೆಚ್ಚಗಿನ ಕೊಬ್ಬರಿ ಎಣ್ಣೆ ಸವರುವರು. ಹೆತ್ತ ತಾಯಿಯನ್ನು ಬಿಟ್ಟರೆ ಬೇರೆ ಯಾರೂ ನನ್ನ ಮೈಯನ್ನು ಅಷ್ಟು ಮೃದುವಾಗಿ ಮುಟ್ಟಿರಲಿಲ್ಲ. ನನಗೆ ಒಂದೊಂದು ಸಲ ಕಣ್ಣು ತುಂಬಿ ಬರುತ್ತಿತ್ತು. "ಉರೀತಾ ಇದೆಯೇನೋ?" ಅಂತ ಅವರು ಊದುತ್ತಿದ್ದರು.

ಅಷ್ಟಕ್ಕೇ ನಿಲ್ಲಲಿಲ್ಲ. ಬೀದಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ಅವರು ನನ್ನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮಾಲೇಕಲ್ಲು ಬೆಟ್ಟ ಹತ್ತಿ ಬಂದ ಒಬ್ಬರು ಅಲ್ಲಿನ ಪ್ರಸಾದವನ್ನು ಮೊದಲು ನನಗೆ ಕೊಟ್ಟರು. ಹಿಂದೆ ನನಗೆ "ಮನೆ ಈಗ ತಾನೇ ತುಂಬ್ತು" ಅಂದಿದ್ದ ಒಬ್ಬಾಕೆಯೂ ಆ ಗುಂಪಲ್ಲಿದ್ದರು. ಅವರು ನನ್ನ ಮುಖ ನೋಡಲಿಲ್ಲ, ತೋಳು ಮಾತ್ರ ನೋಡಿ ಕೈಮುಗಿದು ಹೋದರು.

ಎಡತೋಳು

ಒಂದು ಬೆಳಿಗ್ಗೆ ಎಣ್ಣೆ ಸವರುತ್ತಿದ್ದಾಗ ಹಕ್ಕಳೆಯ ದೊಡ್ಡ ಚೂರು ಅವರ ಬೆರಳಿಗೇ ಅಂಟಿಕೊಂಡು ಬಂತು. ಕೆಳಗೆ ಅಕ್ಷರಗಳು ಹೊಚ್ಚಹೊಸದಾಗಿ ಹೊಳೆದವು. ಹಳೇಬೀಡಿನವನ ಕೈ ಬರಹ ನಿಜಕ್ಕೂ ಮುತ್ತಿನಂತಿತ್ತು.

ಆಕೆ ಕನ್ನಡಕ ಸರಿಮಾಡಿಕೊಂಡು ಓದಿದರು. "ಜೈ... ಭೀ..."

ಪೂರ್ತಿ ಓದಲಿಲ್ಲ. ಎಣ್ಣೆಯಾದ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಬಚ್ಚಲಿನಲ್ಲಿ ತಂಬಿಗೆಯ ಮೇಲೆ ತಂಬಿಗೆ ನೀರು ಸುರಿಯುವ ಸದ್ದು ಕೇಳಿತು. ನನ್ನ ಹೆಂಡತಿ ತೊಟ್ಟಿಲ ಹಗ್ಗ ಬಿಚ್ಚತೊಡಗಿದಳು. 

ಮಧ್ಯಾಹ್ನ ಯಜಮಾನರು ಬಂದರು. ಹೊಸಿಲಾಚೆ ನಿಂತು ಗಂಟಲು ಸರಿಮಾಡಿಕೊಂಡರು. "ನಮ್ಮ ಮಗ ಬರ್ತಾ ಇದಾನೆ, ಮನೆ ಬೇಕಾಗಿತ್ತು" ಅಂದರು. ಗಂಡುಮಕ್ಕಳೇ ಇಲ್ಲದವರಿಗೆ ನನ್ನ ತೋಳು ಒಂದೇ ಬೆಳಿಗ್ಗೆಯಲ್ಲಿ ಗಂಡುಮಗನನ್ನು ಕರುಣಿಸಿತ್ತು.

"ಬಿಡ್ತೀವಿ ಸಾರ್" ಅಂದಳು ನನ್ನ ಹೆಂಡತಿ. "ಆದ್ರೆ ಬೀದಿಯವರು ಕೇಳ್ತಾರಲ್ಲ, ಯಾಕೆ ಬಿಟ್ರಿ ಅಂತ. ನಮಗೆ ಸುಳ್ಳು ಹೇಳೋಕೆ ಬರಲ್ಲ. ಏನಂತ ಹೇಳೋಣ?"

ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡವರೆಲ್ಲ ಯಜಮಾನರ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿರಬೇಕು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಸಂಜೆ ಮತ್ತೆ ಬಂದವರ ಕೈಯಲ್ಲಿ ಅಂಗಡಿಯ ಕವರಿತ್ತು. ಒಳಗೆ ಹೊಸ ಶರ್ಟು, ಪೂರ್ತಿ ತೋಳಿನದು. "ಮಗ ಬರೋದು ತಡವಾಗುತ್ತಂತೆ. ನೀವಿರಿ. ಇದನ್ನ ಮಾತ್ರ ತಪ್ಪದೆ ಹಾಕ್ಕೊಳ್ಳಿ" ಅಂದರು.

ಎಲ್ಲರೂ ಓದಲಿ ಅಂತ ಬರೆಸಿಕೊಂಡದ್ದನ್ನು ಮುಚ್ಚಿಕೊಂಡು ಆ ಮನೆಯಲ್ಲಿ ವರ್ಷಗಟ್ಟಲೆ ಬಾಳಿದೆವು. ಮಗು ಅಲ್ಲೇ ನಡೆಯಲು ಕಲಿತಿತು. ಮನೆಯಾಕೆ ಮಾತು ಬಿಟ್ಟರು, ಎಣ್ಣೆಯ ಕೈ ಮತ್ತೆ ಬರಲಿಲ್ಲ. ಹಚ್ಚೆ ಎಂದೋ ವಾಸಿಯಾಯಿತು, ಅದೊಂದು ಮಾತ್ರ ಇವತ್ತಿಗೂ ಉರಿಯುತ್ತದೆ.

ಆದರೆ ಒಂದು ಸಲ ಮಾತಾಡಿದರು. ಬೀದಿಯ ಹೆಂಗಸೊಬ್ಬರು ನನ್ನನ್ನು ಗೇಟಿನಲ್ಲೇ ತಡೆದು, "ಚಕ್ರ ಆಗಿ ಇಷ್ಟು ದಿನ ಆಯ್ತಲ್ಲಪ್ಪಾ, ಎಡತೋಳಿಗೆ ಶಂಖ ಯಾವಾಗ?" ಅಂತ ಕೇಳಿದರು. ನಾನು, "ಈ ಭಾನುವಾರ ಹಳೇಬೀಡಿಗೆ ಹೋಗೋಣ ಅಂತಿದೀನಮ್ಮಾ" ಅಂದೆ.

ಅಡುಗೆಮನೆಯಿಂದ ಮನೆಯಾಕೆ ಸೌಟು ಹಿಡಿದುಕೊಂಡೇ ಓಡಿಬಂದರು.

"ಬೇಡಪ್ಪಾ! ನಿನ್ನ ದಮ್ಮಯ್ಯ! ಒಂದು ತೋಳಿಗೇ ನಮ್ಮ ಬೀದಿಯೆಲ್ಲ ಪಾವನ ಆಗಿದೆ!"