ಗೊಜ್ಜಿಗೆ ಒಂಚೂರು ಹುಳಿ

ಸಾಕ್ಷಾತ್ ಶಿವನೇ ಬಂದು ಬಟ್ಟಲು ತುಂಬ ಅಮೃತ ಕೊಟ್ಟಿದ್ದರೂ ನಮ್ಮ ಮಾವನವರು, ಅಂದರೆ ನನ್ನ ಗಂಡನ ಅಪ್ಪ, ನಾಲಿಗೆ ಚಪ್ಪರಿಸಿ “ಒಂಚೂರು ಉಳಿ ಬೇಕಿತ್ತು ಕಣಪ್ಪ” ಎನ್ನದೆ ಬಿಡುತ್ತಿರಲಿಲ್ಲ!

ಎಪ್ಪತ್ತರ ದಶಕದಲ್ಲಿ ನಾನು ತಾಳವಾಡಿ ಬೆಟ್ಟದ ಈ ಮನೆಗೆ ಸೊಸೆಯಾಗಿ ಬಂದಾಗ ಮುಸುಕಿನ ಜೋಳದ ಕಾಲ. ಸಂಜೆ ಜಗಲಿಯ ಮುಂದೆ ಕೆಂಡ ಮಾಡಿ ತೆನೆ ಸುಡುವುದು ಮಾವನವರ ಕೆಲಸ. ಅದಕ್ಕೆ ಬಳಿಯಲು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಬೆಲ್ಲ ಅರೆದು ಗೊಜ್ಜು ಮಾಡುವುದು ನನ್ನದು. ಮೊದಲ ದಿನವೇ ತೀರ್ಪು ಬಂತು: “ಉಳಿ ಕಮ್ಮಿ ಕಣವ್ವ.” ಹುಣಸೆ ಕಿವುಚಿ ಹಾಕಿದೆ. “ಈಗ ಬೆಲ್ಲ ಬೇಡ್ತದೆ.” ಬೆಲ್ಲ ಹಾಕಿದೆ. “ಕಾರ ಎಲ್ಲವ್ವಾ ಓಯ್ತು?” ಮತ್ತೆ ಮೆಣಸಿನಕಾಯಿ ಅರೆಯಲು ಕೂತೆ. ಬಟ್ಟಲಲ್ಲಿದ್ದ ಗೊಜ್ಜು ಪಾತ್ರೆಗೆ ಏರಿತು, ತೆನೆಗಳು ತಣ್ಣಗಾದವು. ಗಂಡನ ಮುಖ ನೋಡಿದೆ. “ಅಪ್ಪ ಮೊದ್ಲಿಂದ್ಲೂ ಅಂಗೇ ಕಣಮ್ಮಿ” ಎಂದು ಅವರು ಬರೀ ತೆನೆ ಕಚ್ಚುತ್ತಾ ಕೂತರು.

ಹೊಗಳಿಕೆ ಯಾರಿಗೆ ಬೇಕಿತ್ತು? ಒಂದೇ ಒಂದು ಸಲ “ಸರಿ ಅದೆ” ಎಂದು ಅವರ ಬಾಯಿಂದ ಕೇಳಬೇಕೆಂಬುದೇ ನನ್ನ ಆಸೆ. ವರ್ಷಗಳು ಉರುಳಿದವೇ ಹೊರತು ಆ ಮಾತು ಬರಲಿಲ್ಲ!

ಒಮ್ಮೆ ನನ್ನ ತಂಗಿಯ ಮದುವೆಗೆಂದು ಅದೇ ದಿನ ನಸುಕಿಗೆ ಸತ್ಯಮಂಗಲಕ್ಕೆ ಹೊರಟೆವು. ದಾರಿಯಲ್ಲಿ ದಿಂಬಂ ಘಟ್ಟದ ಮೇಲೆ ಬಸ್ಸು ಟೀಗೆ ನಿಂತಿತು. ಬೋಂಡದ ಚಟ್ನಿ ಮಾವನವರಿಗೆ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಸೀದಾ ಒಳಗೆ ನುಗ್ಗಿ ಒರಳಿನ ಮುಂದೆ ಕೂತೇಬಿಟ್ಟರು! ಅಂಗಡಿಯವನು ತಲೆ ಚಚ್ಚಿಕೊಂಡ: “ಪೆರಿಯವರೇ, ಯಜಮಾನ್ರೇ, ಗಲ್ಲಾನೂ ನೀವೇ ನೋಡ್ಕಳಿ!” ನಾನು ಅವರನ್ನು ಎಬ್ಬಿಸಿ ಹೊರಗೆ ತರುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಹಿಡಿದು ತಲುಪಿದಾಗ ತಾಳಿ ಕಟ್ಟಿ ಆಗಿತ್ತು. ನಾನು ಗೊಳೋ ಎಂದು ಅಳುತ್ತಿದ್ದರೆ ಮಾವನವರ ಸಮಾಧಾನ ನೋಡಿ: “ಓಗ್ಲಿ ಬುಡವ್ವ, ಚಟ್ನಿಯಾದ್ರೂ ದಾರಿಗೆ ಬಂತಲ್ಲ!”

ಆಮೇಲೆ ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಗೊಜ್ಜು ತಿದ್ದುವುದನ್ನು ಮಾತ್ರ ಬಿಡುವಂತಿರಲಿಲ್ಲ.

ಎಂಬತ್ತರ ದಶಕದ ಒಂದು ವರ್ಷ, ತೆನೆ ಬಲಿಯುವ ಹೊತ್ತಿಗೆ ಮಾವನವರು ಜ್ವರ ಬಂದು ಮಲಗಿದರು. ಎದ್ದು ಕೂತ ಮೇಲೆ ನಾನೇ ತೆನೆ ಸುಟ್ಟು, ಗೊಜ್ಜು ಬಳಿದು ಕೊಟ್ಟೆ. ಎರಡು ಸಲ ಕಚ್ಚಿ ತೆನೆಯನ್ನು ತಿರುಗಿಸಿ ನೋಡಿದರು. ನಾನು ಸೆರಗು ಸಿಕ್ಕಿಸಿ ಸಿದ್ಧಳಾದೆ.

“ಏನ್ ಕಮ್ಮಿ, ಯೋಳಿ ಮಾವಯ್ಯ.”

“ಗೊತ್ತಾಯ್ತಿಲ್ಲ ಕಣವ್ವ. ಜರ ಬಂದ್ಮೇಲೆ ನಾಲ್ಗೆ ಸತ್ತೋಯ್ತು. ನೀನೇ ತಿಂದ್ ನೋಡಿ ಯೋಳು.”

ಯಾರ ನಾಲಿಗೆಯನ್ನೂ ನಂಬದ ಮನುಷ್ಯ! ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು. ಏನೂ ಕಮ್ಮಿಯಿಲ್ಲ ಎಂದುಬಿಡಬಹುದಿತ್ತು. ರುಚಿ ನೋಡಿದೆ. ಉಪ್ಪು ಕಮ್ಮಿಯಿತ್ತು. ಒಳಗಿಂದ ತಂದು ಬೆರೆಸಿ, ಮತ್ತೆ ಬಳಿದು ಕೊಟ್ಟೆ.

“ಈಗ ಸರಿ ಅದೆ, ಮಾವಯ್ಯ.”

ಅವರು ತಲೆಯಾಡಿಸಿ, ಒಂದು ಕಾಳೂ ಬಿಡದೆ ತೆನೆ ಮುಗಿಸಿದರು.